ಜಾಂಜಿಬಾರಿನ ಗುಲಾಮರ ಸಂತೆಯ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಗಂಡನ ಕೆಲಸದಿಂದಾಗಿ ಈಗ ದಾರ್ ಎಸ್ ಸಲಾಮ್‌ನಲ್ಲಿದ್ದೇವೆ. ಮುಂದಿನ ತಿಂಗಳು ಅತ್ತೆ ಊರಿಂದ ಬರುತ್ತಾರೆ. ಎಲ್ಲರೂ ಸೇರಿ ಜಾಂಜಿಬಾರಿಗೆ ಹೋಗಬೇಕು ಅಂತಿದ್ದೇವೆ. ಮಗಳಿಗೆ 13 ವರ್ಷ, ಮಗನಿಗೆ 8. ಅಲ್ಲಿನ ಹಳೆಯ ಊರಾದ ಸ್ಟೋನ್ ಟೌನ್‌ನಲ್ಲಿ ಗುಲಾಮರ ಸಂತೆ ಇದ್ದ ಜಾಗ ಮತ್ತು ಮ್ಯೂಸಿಯಂ ನೋಡಲೇಬೇಕು ಎಂದು ಮಗಳ ಟೀಚರ್ ಹೇಳಿದ್ದಾರೆ. ಆದರೆ ಇಲ್ಲಿನ ಪರಿಚಯದವರೊಬ್ಬರು, "ಅಲ್ಲಿ ತೋರಿಸುವ ನೆಲಮಾಳಿಗೆ ಸುಳ್ಳು, ಪ್ರವಾಸಿಗರಿಗೆ ಕಟ್ಟಿದ ಕಥೆ, ದುಡ್ಡು ದಂಡ" ಅನ್ನುತ್ತಾರೆ. ಮಗ ಕತ್ತಲೆಗೆ ಹೆದರುತ್ತಾನೆ. ಅದಕ್ಕಿಂತ ಜಾಸ್ತಿ ನನ್ನನ್ನು ಕಾಡುತ್ತಿರುವುದು ಇನ್ನೊಂದು. ಈ ವ್ಯಾಪಾರಕ್ಕೆ ಭಾರತದವರೂ ದುಡ್ಡು ಹಾಕಿದ್ದರಂತೆ. ಮಕ್ಕಳ ಗೆಳೆಯರೆಲ್ಲ ಇಲ್ಲಿಯವರೇ. ಗೈಡ್ ಅದನ್ನು ಮಕ್ಕಳ ಎದುರಿಗೇ ಹೇಳಿದರೆ ನಾನೇನು ಹೇಳಲಿ? ಅತ್ತೆಗಂತೂ "ಅಂಥ ಜಾಗಕ್ಕೆ ಯಾಕೆ ಹೋಗಬೇಕು" ಎಂಬ ಬೇಸರ. ಕೊನೆಯದಾಗಿ, ರಜೆಗೆ ಊರಿಗೆ ಬಂದಾಗ ಯಲ್ಲಾಪುರದ ಕಡೆ ಆಫ್ರಿಕಾ ಮೂಲದ ಸಿದ್ದಿಯರ ಹಳ್ಳಿ ತೋರಿಸಿದರೆ ಮಕ್ಕಳಿಗೆ ಇದೆಲ್ಲ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆಯೇ?

ಉತ್ತರ:

ನೀವು ಐದು ಪ್ರಶ್ನೆ ಕೇಳಿದ್ದೀರಿ. ಅವುಗಳ ಹಿಂದೆ ಇರುವ ಚಿಂತೆ ಒಂದೇ ಅನಿಸುತ್ತದೆ. ಅಲ್ಲಿ ಮಕ್ಕಳಿಗೆ ಸಿಗುವುದು ನಿಜವೋ, ಕಥೆಯೋ? ನಿಜವೇ ಆದರೆ ಅದನ್ನು ಅವರು ತಾಳಿಕೊಳ್ಳುತ್ತಾರೋ ಇಲ್ಲವೋ? ಮ್ಯೂಸಿಯಂಗಳಲ್ಲಿ ಮಕ್ಕಳ ಜೊತೆ ಕೆಲಸ ಮಾಡುವುದು ನನ್ನ ವೃತ್ತಿ. ಹಿಂದೂ ಮಹಾಸಾಗರದ ಗುಲಾಮರ ವ್ಯಾಪಾರ ನಾನು ತುಂಬಾ ಓದಿಕೊಂಡ ವಿಷಯ. ಆ ಧೈರ್ಯದ ಮೇಲೆ ಹೇಳುತ್ತೇನೆ: ಹೋಗಿ. ಆದರೆ ಅಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ ಎಂದು ಮೊದಲೇ ತಿಳಿದುಕೊಂಡು ಹೋಗಿ.

ನೆಲಮಾಳಿಗೆಯಿಂದಲೇ ಶುರು ಮಾಡೋಣ. ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಅರ್ಧ ಹುರುಳಿದೆ. ಸ್ಟೋನ್ ಟೌನ್‌ನ ಮ್ಕುನಾಜಿನಿಯಲ್ಲಿ ಆಂಗ್ಲಿಕನ್ ಕೆಥೆಡ್ರಲ್ ಇದೆ. ಅದರ ಪಕ್ಕದ ಹಳೆಯ ಮಿಷನ್ ಆಸ್ಪತ್ರೆ ಕಟ್ಟಡದ ಕೆಳಗೆ ಎರಡು ಕೋಣೆಗಳಿವೆ. ತಗ್ಗಾದ ಚಾವಣಿ, ಗಾಳಿ ಬರಲು ಸಣ್ಣ ಕಿಂಡಿಗಳು. ಮಾರುವ ಮುಂಚೆ ಗುಲಾಮರನ್ನು ಇಲ್ಲೇ ತುಂಬಿಡುತ್ತಿದ್ದರು ಎಂದು ಗೈಡ್‌ಗಳು ಹೇಳುತ್ತಾರೆ. ಇದನ್ನು ಒಪ್ಪದ ಇತಿಹಾಸಕಾರರಿದ್ದಾರೆ. ಸಂತೆ ಮುಚ್ಚಿದ ಮೇಲೆ ಮಿಷನ್ನಿನವರು ಆಸ್ಪತ್ರೆ ಕಟ್ಟಿದರು, ಸಾಮಾನು ಇಡಲು ಈ ನೆಲಮಾಳಿಗೆಯನ್ನು ಅವರೇ ಮಾಡಿಸಿದರು ಎಂಬುದು ಅವರ ವಾದ. ನನಗೂ ಈ ವಾದವೇ ಸರಿ ಅನಿಸುತ್ತದೆ. ಹಾಗಾಗಿ "ಇದೇ ಕೋಣೆಯಲ್ಲಿ ಇಷ್ಟು ಜನ ಸತ್ತರು" ಎಂದು ನಾನು ಯಾವ ಮಗುವಿಗೂ ಹೇಳುವುದಿಲ್ಲ.

ಆದರೆ ಕೋಣೆಯ ಬಗ್ಗೆ ಸಂದೇಹ ಇದೆ ಎಂದರೆ ಸಂತೆಯ ಬಗ್ಗೆಯೂ ಸಂದೇಹ ಇದೆ ಎಂದಲ್ಲ. ಇವೆರಡನ್ನೂ ಒಂದೇ ಮಾಡುವವರನ್ನು ನಂಬಬೇಡಿ. ಸಂತೆ ಅಲ್ಲೇ ಇತ್ತು. ಪೂರ್ವ ಆಫ್ರಿಕಾದಲ್ಲಿ ಕೊನೆಯವರೆಗೂ ಬಹಿರಂಗವಾಗಿ ನಡೆದ ಗುಲಾಮರ ಸಂತೆಗಳಲ್ಲಿ ಅದೂ ಒಂದು. ಅದಕ್ಕೆ ನೆಲಮಾಳಿಗೆಯ ಸಾಕ್ಷಿ ಬೇಕಾಗಿಲ್ಲ. ದ್ವೀಪವನ್ನು ಆಳುತ್ತಿದ್ದ ಒಮಾನಿ ಅರಬ್ ಸುಲ್ತಾನರ ಸುಂಕದ ಲೆಕ್ಕ ಇದೆ, ಅಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಗಳಾದ ಕಾನ್ಸುಲ್‌ಗಳ ಪತ್ರಗಳಿವೆ, ನೌಕಾಪಡೆ ಹಿಡಿದ ಹಡಗುಗಳ ದಾಖಲೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಡುಗಡೆಯಾದವರು ತಾವೇ ಹೇಳಿ ಬರೆಸಿದ ಮಾತುಗಳಿವೆ. 1860ರ ದಶಕದಲ್ಲಿ ವರ್ಷಕ್ಕೆ ಸುಮಾರು 15ರಿಂದ 20 ಸಾವಿರ ಜನರನ್ನು ಜಾಂಜಿಬಾರಿಗೆ ತರುತ್ತಿದ್ದರು ಎಂದು ಈ ದಾಖಲೆಗಳನ್ನು ಓದಿದವರ ಅಂದಾಜು. ಹೀಗೆ ತಂದವರಲ್ಲಿ ಬಹಳಷ್ಟು ಜನ ಅರೇಬಿಯಾಕ್ಕೆ ಹೋಗಲಿಲ್ಲ. ಜಾಂಜಿಬಾರ್ ಮತ್ತು ಪೆಂಬಾ ದ್ವೀಪಗಳ ಲವಂಗದ ತೋಟಗಳಲ್ಲೇ ದುಡಿದು ಸತ್ತರು.

ಅದೇ ಆವರಣದಲ್ಲಿ ಕೇಳಿಬರುವ ಇನ್ನೂ ಒಂದೆರಡು ಮಾತು ತೂಗಿ ನೋಡಬೇಕು. ಚರ್ಚಿನ ಒಳಗೆ ಪೀಠದ ಮುಂದೆ ನೆಲದಲ್ಲಿ ಬಿಳಿ ಅಮೃತಶಿಲೆಯ ಒಂದು ವೃತ್ತ ಇದೆ, ಸುತ್ತಲೂ ಕೆಂಪು ಕಲ್ಲು. ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದ ಮರ ಅಲ್ಲಿತ್ತು ಎನ್ನುತ್ತಾರೆ. ಇದು ಚರ್ಚು ಉಳಿಸಿಕೊಂಡು ಬಂದ ನಂಬಿಕೆ. ಅದನ್ನು ನಂಬಿಕೆ ಎಂದೇ ಹೇಳಿದರೆ ಸಾಕು. "1873ರಲ್ಲಿ ಬ್ರಿಟಿಷರು ಬಂದರು, ಗುಲಾಮಗಿರಿ ಮುಗಿಯಿತು" ಎಂಬ ಮಾತನ್ನು ಮಾತ್ರ ತಿದ್ದಲೇಬೇಕು. ಆ ವರ್ಷದ ಜೂನ್‌ನಲ್ಲಿ ಸುಲ್ತಾನ್ ಬರ್ಗಶ್ ಬಿನ್ ಸಯೀದ್ ಒಪ್ಪಂದಕ್ಕೆ ಸಹಿ ಹಾಕಿದ್ದು ನಿಜ. ಸಮುದ್ರದ ಮೇಲೆ ಗುಲಾಮರನ್ನು ಸಾಗಿಸುವುದು ಕಾನೂನುಬಾಹಿರವಾಯಿತು, ಸಂತೆ ಮುಚ್ಚಿತು. ಆದರೆ ಗುಲಾಮರನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿಯೇ ಉಳಿಯಿತು. 1897ರಲ್ಲಿ ಹೊಸ ಆಜ್ಞೆ ಬಂತು. ಅದರಲ್ಲೂ ಬಿಡುಗಡೆ ಬೇಕಾದವರು ಕೋರ್ಟಿಗೆ ಹೋಗಿ ಕೇಳಬೇಕಿತ್ತು. ಪರಿಹಾರದ ಹಣ ಹೋದದ್ದು ಯಜಮಾನರ ಕೈಗೆ, ದುಡಿದವರಿಗಲ್ಲ. ಮನೆಯೊಳಗೆ ಉಪಪತ್ನಿಯರಾಗಿ ಇಟ್ಟುಕೊಂಡ ಹೆಂಗಸರಿಗೆ ಆ ಆಜ್ಞೆ ಅನ್ವಯಿಸಲೇ ಇಲ್ಲ. ಅವರು 1909ರವರೆಗೆ ಕಾಯಬೇಕಾಯಿತು. ನಿಮ್ಮ ಮಗಳು ಕೇಳಬೇಕಾದ ವಿಷಯ ಇದು. ಕಾನೂನು ಬಂದ ದಿನಕ್ಕೂ ಬಿಡುಗಡೆ ಸಿಕ್ಕ ದಿನಕ್ಕೂ ನಡುವೆ ಎಷ್ಟು ವರ್ಷ, ಅದರಲ್ಲೂ ಹೆಂಗಸರಿಗೆ ಎಷ್ಟು ವರ್ಷ ಎಂಬುದು ಹದಿಮೂರರ ಹುಡುಗಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟೊಂದು ಕಥೆಗಳು ಹೇಗೆ ಸೇರಿಕೊಂಡವು? ಈ ಚರಿತ್ರೆಯನ್ನು ಹೇಳಿದವರಿಗೆಲ್ಲ ಅವರವರದೇ ಕಾರಣಗಳಿದ್ದವು. ಸಂತೆ ಮುಚ್ಚಿದ ಅದೇ ವರ್ಷ ಆ ಜಾಗದಲ್ಲಿ ಚರ್ಚಿನ ಅಡಿಗಲ್ಲು ಬಿತ್ತು. ಬಿಷಪ್ ಎಡ್ವರ್ಡ್ ಸ್ಟೀರ್ ಅದನ್ನು ಕಟ್ಟಿಸಿದರು. ಮಿಷನ್ನಿಗೆ ಅದು ಕತ್ತಲೆಯಿಂದ ಬೆಳಕಿಗೆ ಬಂದ ಕಥೆ. ಬ್ರಿಟಿಷ್ ಸರ್ಕಾರಕ್ಕೆ ಗುಲಾಮಗಿರಿ ನಿಲ್ಲಿಸಿದ್ದು ಆಳ್ವಿಕೆ ನಡೆಸಲು ಸಿಕ್ಕ ಸಮರ್ಥನೆ. 1890ರಲ್ಲಿ ಜಾಂಜಿಬಾರನ್ನು ತನ್ನ ರಕ್ಷಣೆಗೆ ತೆಗೆದುಕೊಂಡಾಗ ಆ ಮಾತು ಚೆನ್ನಾಗಿಯೇ ನಡೆಯಿತು. 1964ರ ಜನವರಿಯ ಕ್ರಾಂತಿಯಲ್ಲಿ ಸುಲ್ತಾನನ ಆಳ್ವಿಕೆ ಬಿತ್ತು. ಸಾವಿರಾರು ಅರಬರನ್ನು ಕೊಂದರು. ಭಾರತೀಯ ಮೂಲದವರು ಅಂಗಡಿ ಮನೆ ಬಿಟ್ಟು ಓಡಿದರು. ಆಗ ಗುಲಾಮಗಿರಿಯ ನೆನಪು ರಾಜಕೀಯದ ಮಾತಾಯಿತು. ಈಗ ಪ್ರವಾಸೋದ್ಯಮ. ಗಂಟೆಗೊಂದು ಗುಂಪು ಬರುವಾಗ ಗೈಡ್‌ಗೂ ಕಣ್ಣಿಗೆ ಕಾಣುವ ಕತ್ತಲ ಕೋಣೆಯೇ ಸುಲಭ. ಸುಂಕದ ಪುಸ್ತಕ ತೋರಿಸಿ ಯಾರನ್ನು ಹಿಡಿದು ನಿಲ್ಲಿಸಲಾಗುತ್ತದೆ?

ಹೀಗಾಗಿ "ಅರಬರು ಮಾಡಿದರು, ಆಫ್ರಿಕನ್ನರು ಅನುಭವಿಸಿದರು, ಇಂಗ್ಲಿಷರು ಬಿಡಿಸಿದರು" ಎಂಬ ಮೂರು ಸಾಲಿನ ಕಥೆ ನಿಮಗೂ ಸಿಗಬಹುದು. ಒಮಾನಿನ ಸುಲ್ತಾನರು, ತಿಪ್ಪು ತಿಪ್‌ನಂಥ ದೊಡ್ಡ ವ್ಯಾಪಾರಿಗಳು ಇದರ ಮಧ್ಯದಲ್ಲಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಳನಾಡಿನಲ್ಲಿ ಜನರನ್ನು ಹಿಡಿದು ಮಾರಿದ ಆಫ್ರಿಕನ್ ಮುಖಂಡರಿದ್ದರು. ಪೂರ್ವ ಆಫ್ರಿಕಾದ ಕರಾವಳಿಯ ಕಿಲ್ವಾ ಬಂದರಿನಿಂದ ಗುಲಾಮರನ್ನು ಕೊಂಡು ಮಾರಿಷಸ್, ರಿಯೂನಿಯನ್ ದ್ವೀಪಗಳಿಗೆ ಸಾಗಿಸಿದ ಫ್ರೆಂಚರಿದ್ದರು. ಅಮೆರಿಕದ ಸೇಲಂ ಬಂದರಿನ ಹಡಗುಗಳು ಹತ್ತಿಬಟ್ಟೆ ತಂದು ದಂತ ಒಯ್ಯುತ್ತಿದ್ದವು. ಆ ದಂತ ಪಿಯಾನೋ ಕೀಲಿಗಳಿಗೆ, ಬಿಲಿಯರ್ಡ್ ಚೆಂಡುಗಳಿಗೆ ಹೋಗುತ್ತಿತ್ತು. ಮುಂಬೈ ಮೂಲಕ ಬಂದ ದಂತ ನಮ್ಮ ಗುಜರಾತ್, ರಾಜಸ್ಥಾನದ ಹೆಂಗಸರ ಬಳೆಯಾಯಿತು.

ಇಲ್ಲಿಗೆ ನಿಮ್ಮ ಮುಖ್ಯ ಪ್ರಶ್ನೆಗೆ ಬಂದೆವು.

ಹೌದು, ಭಾರತದವರೂ ಇದ್ದರು, ಅದೂ ವ್ಯಾಪಾರದ ನಟ್ಟನಡುವೆ. ಕಚ್ಛಿನ ಭಾಟಿಯಾ ವರ್ತಕ ಜಯರಾಮ್ ಶಿವಜಿಯ ಪೇಢಿಯವರು 1830ರ ದಶಕದಿಂದ ಬಹುಕಾಲ ಜಾಂಜಿಬಾರಿನ ಸುಂಕ ವಸೂಲಿಯನ್ನು ಗುತ್ತಿಗೆ ಹಿಡಿದಿದ್ದರು. ಬಂದರಿಗೆ ಬಂದ ದಂತಕ್ಕೆ, ಲವಂಗಕ್ಕೆ ಹೇಗೋ ಹಾಗೆ ಗುಲಾಮರಿಗೂ ತಲೆಗಿಷ್ಟು ಎಂದು ಸುಂಕ ಇತ್ತು. ಒಳನಾಡಿಗೆ ಹೊರಟ ಕ್ಯಾರವಾನ್‌ಗಳಿಗೆ, ಅಂದರೆ ವ್ಯಾಪಾರಿ ತಂಡಗಳಿಗೆ, ಬಟ್ಟೆ, ಮಣಿ, ಬಂದೂಕು ಸಾಲ ಕೊಟ್ಟವರು ಹೆಚ್ಚಾಗಿ ಭಾರತೀಯ ಸಾಹುಕಾರರೇ. ಲವಂಗದ ತೋಟಗಳನ್ನು ಅಡವಿಟ್ಟುಕೊಂಡವರೂ ಅವರೇ. ಕೆಲವರ ಮನೆಗಳಲ್ಲಿ ಗುಲಾಮರಿದ್ದರು. ಭಾರತದಲ್ಲಿ 1843ರ ಕಾಯ್ದೆಯ ಮೇಲೆ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ಇರಲಿಲ್ಲ. ಅದೇ ನಿಯಮ ಜಾಂಜಿಬಾರಿನ ಭಾರತೀಯರಿಗೂ ಅನ್ವಯಿಸುತ್ತದೆ ಎಂದು 1860ರ ಸುಮಾರಿಗೆ ಕಾನ್ಸುಲ್ ರಿಗ್ಬಿ ಪಟ್ಟು ಹಿಡಿದರು. ಆಗ ಭಾರತೀಯರ ಕೈಯಿಂದ ಬಿಡುಗಡೆಯಾದವರು ಸಾವಿರಾರು ಜನ. ಅಲ್ಲಿದ್ದ ಎಲ್ಲ ಭಾರತೀಯರೂ ಹೀಗೆ ಎಂದಲ್ಲ. ಹೆಚ್ಚಿನವರು ಸಣ್ಣ ಅಂಗಡಿಯವರು, ಕುಶಲಕರ್ಮಿಗಳು. ಆದರೆ ಊರಿನ ಹಣ ಓಡಾಡುತ್ತಿದ್ದದ್ದು ನಮ್ಮವರ ಲೆಕ್ಕದ ಪುಸ್ತಕಗಳಲ್ಲಿ.

ಗೈಡ್ ಇದನ್ನು ಹೇಳಿದರೆ ತಡೆಯಬೇಡಿ. ಮಾತು ಬದಲಿಸಬೇಡಿ. "ನಾವು ಕರ್ನಾಟಕದವರು, ಅವರು ಗುಜರಾತಿನವರು" ಎಂದು ಜಾರಿಕೊಳ್ಳಲೂಬೇಡಿ. ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ. ಮಗ "ನಾವೂ ಮಾಡಿದ್ವಾ?" ಎಂದು ಕೇಳಿದರೆ ನಾನಾದರೆ ಹೀಗೆ ಹೇಳುತ್ತೇನೆ: "ನೀನಾಗಲೀ ನಾನಾಗಲೀ ಮಾಡಿಲ್ಲ. ನಮ್ಮ ದೇಶದಿಂದ ಬಂದ ಕೆಲವರು ದುಡ್ಡಿಗಾಗಿ ಇದನ್ನು ನಡೆಸಲು ಸಹಾಯ ಮಾಡಿದರು. ಅದು ತಪ್ಪು. ನಿನ್ನ ಗೆಳೆಯರು ಕೇಳಿದರೆ ಹೌದು ಅಂತ ಹೇಳು." ಎಂಟು ವರ್ಷದವನಿಗೆ ಇಷ್ಟು ಸಾಕು. ಮಗಳು ಮುಂದೆ ಕೇಳಬಹುದು, ನಮ್ಮಲ್ಲೂ ಇತ್ತಾ ಎಂದು. ಇತ್ತು. 1800-01ರಲ್ಲಿ ನಮ್ಮ ಕಡೆಯೆಲ್ಲ ತಿರುಗಿದ ಫ್ರಾನ್ಸಿಸ್ ಬುಕಾನನ್ ಕೆನರಾದಲ್ಲಿ ಕೊಂಡು ಮಾರುವ ಆಳುಗಳ ಬಗ್ಗೆ ಬರೆದಿದ್ದಾನೆ. ಜೀತವನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ, ನಿಮ್ಮ ಅತ್ತೆಯವರ ಕಾಲದಲ್ಲೇ. ಊರಲ್ಲಿ ಜೀತದಾಳುಗಳನ್ನು ಅವರು ಕಂಡಿದ್ದರೂ ಕಂಡಿರಬಹುದು. ಮೊಮ್ಮಗಳಿಗೆ ಆ ಮಾತು ಅಜ್ಜಿಯಿಂದಲೇ ಸಿಗಲಿ.

ಇದರ ಜೊತೆಗೆ ಮಕ್ಕಳಿಗೆ ಒಬ್ಬ ಮನುಷ್ಯನ ಪರಿಚಯ ಮಾಡಿಸಿ. ಬರೀ ಸರಪಳಿ, ಸಂಖ್ಯೆ ನೋಡಿ ಬಂದ ಮಕ್ಕಳಿಗೆ ಗುಲಾಮರು ಎಂದರೆ ಹೆಸರಿಲ್ಲದ ಗುಂಪು ಅನಿಸಿಬಿಡುತ್ತದೆ. ಅದೇ ನನಗೆ ದೊಡ್ಡ ಬೇಸರ. ಸಿದಿ ಮುಬಾರಕ್ ಬಾಂಬೆ ಎಂಬುವರಿದ್ದರು. ಪೂರ್ವ ಆಫ್ರಿಕಾದ 'ಯಾವೋ' (Yao) ಎಂಬ ಜನಾಂಗದ ಹುಡುಗ. ಚಿಕ್ಕವನಿದ್ದಾಗ ಹಿಡಿದು ಮಾರಿದರು. ಗುಜರಾತಿನ ಕಡೆ ಬಂದು ಸೇರಿದರು. ಯಜಮಾನ ಸತ್ತ ಮೇಲೆ ಬಿಡುಗಡೆ ಸಿಕ್ಕಿತು, ಆಫ್ರಿಕಾಕ್ಕೆ ಮರಳಿದರು. 1857ರಲ್ಲಿ ಬ್ರಿಟಿಷ್ ಅನ್ವೇಷಕರಾದ ಬರ್ಟನ್ ಮತ್ತು ಸ್ಪೀಕ್ ದೊಡ್ಡ ಸರೋವರಗಳನ್ನು ಹುಡುಕಿ ಹೊರಟಾಗ ಜೊತೆಗಿದ್ದವರು ಇವರು. ಸ್ಪೀಕ್‌ಗೂ ಇವರಿಗೂ ನಡುವೆ ಮಾತು ನಡೆಯುತ್ತಿದ್ದದ್ದು ಹಿಂದೂಸ್ತಾನಿಯಲ್ಲಿ! ಆಮೇಲೆ ಸ್ಟ್ಯಾನ್ಲಿಯ ಜೊತೆಗೂ ಹೋದರು, ಕ್ಯಾಮರೂನ್ ಜೊತೆ ಖಂಡವನ್ನೇ ದಾಟಿದರು. ಪುಸ್ತಕಗಳಲ್ಲಿ ಹೆಸರು ಬಂದದ್ದು ಬಿಳಿಯರದು. ದಾರಿ ಗೊತ್ತಿದ್ದದ್ದು ಇವರಿಗೆ. ಚರ್ಚಿನಲ್ಲಿ ಮರದ ಒಂದು ಶಿಲುಬೆ ಇದೆ. ಆಫ್ರಿಕಾದಲ್ಲಿ ತಿರುಗಾಡಿ ಅಲ್ಲೇ ಸತ್ತ ಬ್ರಿಟಿಷ್ ಮಿಷನರಿ ಲಿವಿಂಗ್‌ಸ್ಟನ್‌ನ ಹೃದಯವನ್ನು ಯಾವ ಮರದ ಬುಡದಲ್ಲಿ ಹೂತರೋ ಆ ಮರದಿಂದ ಮಾಡಿದ್ದು. ಅವನ ದೇಹವನ್ನು ತಿಂಗಳುಗಟ್ಟಲೆ ಹೊತ್ತು ಕರಾವಳಿಗೆ ತಂದವರಲ್ಲಿ ನಾಸಿಕದ ಮಿಷನ್ ಶಾಲೆಯಲ್ಲಿ ಓದಿದ, ಗುಲಾಮಗಿರಿಯಿಂದ ಬಿಡುಗಡೆಯಾದ ಆಫ್ರಿಕನ್ ಯುವಕರೂ ಇದ್ದರು. ಆ ಶಿಲುಬೆಯ ಮುಂದೆ ನಿಂತು ಇದನ್ನು ಹೇಳಿ.

ಈಗ ಮಗನ ಹೆದರಿಕೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ದೊಡ್ಡದೂ ಮಾಡಬೇಡಿ. ನನ್ನ ಅನುಭವದಲ್ಲಿ ಈ ವಯಸ್ಸಿನ ಮಕ್ಕಳು ಹೆದರುವುದು ಮುಖ್ಯವಾಗಿ ಎರಡಕ್ಕೆ: ಇಕ್ಕಟ್ಟಾದ ಜಾಗಕ್ಕೆ, ಮತ್ತು ಅಪ್ಪ ಅಮ್ಮನಿಂದ ಮಕ್ಕಳನ್ನು ಬೇರೆ ಮಾಡಿದರು ಎಂಬ ವಿಷಯಕ್ಕೆ. ಎರಡನೆಯದು ಆಳವಾಗಿ ಕೂರುತ್ತದೆ. ಆದ್ದರಿಂದ ಅದನ್ನು ಮನೆಯಲ್ಲೇ, ಹಗಲು ಹೊತ್ತಿನಲ್ಲಿ, ನಿಮ್ಮ ಬಾಯಿಂದಲೇ ಕೇಳಿಸಿ. ಸ್ವೆಮಾ ಎಂಬ, ಅದೇ 'ಯಾವೋ' ಜನಾಂಗದ ಹುಡುಗಿಯ ಕಥೆ 1860ರ ದಶಕದಲ್ಲಿ ಮಿಷನ್ನಿನವರ ಬಳಿ ದಾಖಲಾಗಿದೆ. ತಾಯಿ ದಾರಿಯಲ್ಲೇ ತೀರಿಕೊಂಡಳು. ಹುಡುಗಿ ಅರೆಜೀವವಾಗಿ ಜಾಂಜಿಬಾರ್ ತಲುಪಿದಳು. ಸತ್ತಳೆಂದು ಬಿಟ್ಟುಹೋಗಿದ್ದರು. ಬದುಕಿದಳು, ಮಿಷನ್ನಿನಲ್ಲಿ ಬೆಳೆದಳು. ಮಗಳಿಗೆ ಇದನ್ನು ಪೂರ್ತಿ ಹೇಳಬಹುದು. ಮಗನಿಗೆ ಈಗ ಬೇಡ.

ನಿಮ್ಮ ಮುಂದೆ ಇರುವ ದಾರಿಗಳು ಇವು. ಎಲ್ಲರೂ ಒಟ್ಟಿಗೆ ಹೋಗಿ ಎಲ್ಲವನ್ನೂ ನೋಡುವುದು ಸುಲಭ, ಆದರೆ ಗೈಡ್ ಸಾಮಾನ್ಯವಾಗಿ ಸೀದಾ ನೆಲಮಾಳಿಗೆಗೆ ಕರೆದೊಯ್ದುಬಿಡುತ್ತಾರೆ. ಹಾಗಾದರೆ ಮಗನ ತಲೆಯಲ್ಲಿ ಆ ಕೋಣೆಯೊಂದೇ ಉಳಿಯುತ್ತದೆ. ನನಗೆ ಇಷ್ಟವಾಗುವುದು ಎರಡನೆಯದು. ಮೊದಲು ಪ್ರದರ್ಶನದ ಕೋಣೆಗಳು. ಅಲ್ಲಿ ಇಂಗ್ಲಿಷ್ ಮತ್ತು ಸ್ವಾಹಿಲಿ ಎರಡರಲ್ಲೂ ಫಲಕಗಳಿವೆ, ಭೂಪಟಗಳಿವೆ. ಒಂದು ಗಂಟೆಯಾದರೂ ಕೊಡಿ. ನಿಜವಾದ ವಿಷಯ ಇರುವುದು ಅಲ್ಲೇ, ಜನ ಅವಸರದಲ್ಲಿ ದಾಟಿಹೋಗುವುದೂ ಅದನ್ನೇ. ಆಮೇಲೆ ಹೊರಗಿನ ಸ್ಮಾರಕ, ಕೊನೆಗೆ ಚರ್ಚು. ನೆಲಮಾಳಿಗೆಗೆ ನಿಮ್ಮಲ್ಲಿ ಒಬ್ಬರು ಮಗಳ ಜೊತೆ ಇಳಿಯಲಿ, ಮಗ ಇನ್ನೊಬ್ಬರ ಜೊತೆ ಮೇಲೇ ಇರಲಿ. ಅವನೇ ಬರುತ್ತೇನೆ ಎಂದರೆ ಮಾತ್ರ ಕರೆದುಕೊಂಡು ಹೋಗಿ, ಬಾಗಿಲ ಹತ್ತಿರ ನಿಲ್ಲಿ, ಸಾಕು ಎಂದ ಕೂಡಲೇ ಹೊರಗೆ ಬನ್ನಿ. ಈ ಕ್ರಮದಲ್ಲಿ ನೋಡುತ್ತೇವೆ ಎಂದು ಗೈಡ್‌ಗೆ ಟಿಕೆಟ್ ತೆಗೆಯುವಾಗಲೇ ಹೇಳಿಬಿಡಿ.

ಕೆಲವರು ಸ್ಟೋನ್ ಟೌನ್‌ನಿಂದ ಉತ್ತರಕ್ಕೆ ಸುಮಾರು 20 ಕಿ.ಮೀ. ದೂರದ ಮಂಗಪ್ವಾನಿಗೂ ಕರೆದೊಯ್ಯುತ್ತಾರೆ. 1873ರ ನಂತರ ಕದ್ದು ವ್ಯಾಪಾರ ಮಾಡುತ್ತಿದ್ದವರು ಗುಲಾಮರನ್ನು ಬಚ್ಚಿಡುತ್ತಿದ್ದ, ಹವಳದ ಕಲ್ಲು ಕೊರೆದು ಮಾಡಿದ ಕತ್ತಲ ಕೋಣೆಗಳು ಅಲ್ಲಿವೆ. ನಿಮ್ಮ ಮಗನಿಗೆ ಅದು ಬೇಡವೇ ಬೇಡ. ದ್ವೀಪದ ಪ್ರವಾಸ ಬರೀ ಸಮುದ್ರ, ಆಟ ಇರಲಿ ಅನಿಸಿದರೆ ದಾರ್‌ನಿಂದ ಸುಮಾರು 70 ಕಿ.ಮೀ. ದೂರದ ಬಾಗಮೋಯೋಗೆ ಬೇರೆ ದಿನ ಹೋಗಬಹುದು. ಒಳನಾಡಿನ ಕ್ಯಾರವಾನ್‌ಗಳು ಬಂದು ಸೇರುತ್ತಿದ್ದ ಊರು ಅದು. 1868ರಲ್ಲಿ ಶುರುವಾದ ಕ್ಯಾಥೊಲಿಕ್ ಮಿಷನ್ನಿನ ಆವರಣದಲ್ಲಿ ಸಣ್ಣ ಮ್ಯೂಸಿಯಂ ಇದೆ. ಗದ್ದಲ ಕಡಿಮೆ, ನೆರಳು ಜಾಸ್ತಿ. ಆದರೆ ವಿವರ ಕಡಿಮೆ, ನೀವೇ ಓದಿಕೊಂಡು ಹೋಗಿ ಹೇಳಬೇಕಾಗುತ್ತದೆ.

ಹೊರಗಿನ ಸ್ಮಾರಕದ ಬಗ್ಗೆ ಒಂದು ಮಾತು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಐವರು ನಿಂತಿರುವ ಶಿಲ್ಪ ಅದು. ಕೊರಳಿಗೆ ನಿಜವಾದ ಸರಪಳಿ. ಕ್ಲಾರಾ ಸೋರ್ನಾಸ್ ಎಂಬ ಸ್ವೀಡನ್ನಿನ ಕಲಾವಿದೆ 1998ರಲ್ಲಿ ಮಾಡಿದ್ದು. ಫೋಟೋ ತೆಗೆಯಿರಿ, ತಪ್ಪಿಲ್ಲ. ಆದರೆ ಮಕ್ಕಳನ್ನು ಅದರ ಮುಂದೆ ನಗಿಸಿ ನಿಲ್ಲಿಸಬೇಡಿ, ಸರಪಳಿ ಮುಟ್ಟಲು ಗುಂಡಿಗೆ ಇಳಿಸಬೇಡಿ. ಅಲ್ಲಿ ನಿಮ್ಮ ಪಕ್ಕದಲ್ಲಿ ನಿಂತವರ ಅಜ್ಜಿಯ ತಾಯಿಯನ್ನು ಈ ದ್ವೀಪಕ್ಕೆ ಮಾರಾಟಕ್ಕೆ ತಂದಿರಬಹುದು. ಆ ಕಾಲ ತೀರಾ ದೂರದ್ದಲ್ಲ.

ಅತ್ತೆಯವರ ಬೇಸರಕ್ಕೆ ಬೆಲೆ ಕೊಡಿ. ಒತ್ತಾಯ ಬೇಡ, ಉಪದೇಶವೂ ಬೇಡ. ಮೆಟ್ಟಿಲು, ತಗ್ಗು ಬಾಗಿಲು, ಸೆಕೆ ಎಲ್ಲ ಅವರ ಮಂಡಿಗೆ ಕಷ್ಟವೇ. ಅವರಿಗೆ ಚರ್ಚಿನ ಒಳಗೆ ತಂಪಾಗಿ ಕೂರಲು ಬೆಂಚುಗಳಿವೆ. ಸತ್ತವರಿಗೆ ಕೈಮುಗಿದು ಬರುವುದು ಎಂದು ಹೇಳಿ ನೋಡಿ, ಬಂದರೂ ಬಂದಾರು. ಸ್ಟೋನ್ ಟೌನ್‌ನಲ್ಲಿ ಹೆಚ್ಚಿನವರು ಮುಸ್ಲಿಮರು, ಭುಜ ಮೊಣಕಾಲು ಮುಚ್ಚುವ ಬಟ್ಟೆ ಎಲ್ಲರಿಗೂ ಒಳ್ಳೆಯದು. ಅತ್ತೆಯ ಸೀರೆ ಅಲ್ಲಿಗೆ ಸರಿಯಾಗಿ ಹೊಂದುತ್ತದೆ. ಮ್ಯೂಸಿಯಂ ಬೆಳಿಗ್ಗೆ ಬೇಗ ಮುಗಿಸಿ. ಸಂಜೆ ಮಾಡಬೇಡಿ, ಅದೇ ಯೋಚನೆಯಲ್ಲಿ ಮಗ ಮಲಗುವ ಹಾಗಾಗುತ್ತದೆ.

ಇನ್ನು ಸಿದ್ದಿಯರ ಹಳ್ಳಿ. ಮೊದಲು ಚರಿತ್ರೆ ಸರಿಮಾಡಿಕೊಳ್ಳೋಣ. ನಮ್ಮ ಸಿದ್ದಿಯರ ಪೂರ್ವಿಕರಲ್ಲಿ ಹೆಚ್ಚಿನವರು ಜಾಂಜಿಬಾರಿನ ಈ ಸಂತೆಯಿಂದ ಬಂದವರಲ್ಲ. ಬಹಳಷ್ಟು ಜನರನ್ನು ಅದಕ್ಕೂ ಮುಂಚೆ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡಿಗೆ ಬಂದವರ ಮಕ್ಕಳು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆ ಇದ್ದಾರೆ. ದಖ್ಖನಿನಲ್ಲಿ ಇನ್ನೊಂದು ಎಳೆಯೂ ಇದೆ. ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ, ಅಹಮದ್‌ನಗರದ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡ. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್‌ನಂಥ ಹಬ್ಶಿ, ಅಂದರೆ ಆಫ್ರಿಕಾ ಮೂಲದ, ಮಂತ್ರಿಗಳಿದ್ದರು. ವಿಜಯಪುರಕ್ಕೆ ಹೋದಾಗ ಮಕ್ಕಳಿಗೆ ಇದನ್ನು ಹೇಳಬಹುದು.

ಆದರೆ ಹಳ್ಳಿಯನ್ನು "ತೋರಿಸಲು" ಹೋಗಬೇಡಿ. ಸಿದ್ದಿಯರು ಜಾಂಜಿಬಾರ್ ಪ್ರವಾಸದ ಮುಂದಿನ ಭಾಗವಲ್ಲ. ಅವರು ಕನ್ನಡ, ಕೊಂಕಣಿ ಆಡುವ ನಮ್ಮ ನೆರೆಯವರು. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹೊಲ, ಶಾಲೆ, ಕೆಲಸ ಎಂದು ಎಲ್ಲರಂತೆ ಬದುಕುತ್ತಿದ್ದಾರೆ. ಕೂದಲು ಮುಟ್ಟುವುದು, ಯಾವ ದೇಶದವರು ಎಂದು ಕೇಳುವುದು, ಅಂಗಳಕ್ಕೆ ನುಗ್ಗಿ ಫೋಟೋ ಹೊಡೆಯುವುದು, ಇವೆಲ್ಲ ಅವರು ಹುಟ್ಟಿದಾಗಿನಿಂದ ಅನುಭವಿಸಿರುವ ಕಿರಿಕಿರಿ. ಅವರೇ ಡಮಾಮಿ ಕುಣಿತ, ನಾಟಕ ಮಾಡುವ ಕಾರ್ಯಕ್ರಮವಿದ್ದರೆ ಟಿಕೆಟ್ ತೆಗೆದು ಹೋಗಿ. ಪರಿಚಯದವರು ಮನೆಗೆ ಕರೆದರೆ ಹೋಗಿ, ಊಟ ಮಾಡಿ ಬನ್ನಿ. ಅಲ್ಲಿ ಗುಲಾಮಗಿರಿಯ ಮಾತನ್ನು ನೀವಾಗಿ ಎತ್ತಬೇಡಿ. ಮಕ್ಕಳಿಗೂ ಇದನ್ನು ಮೊದಲೇ ಹೇಳಿಟ್ಟಿರಿ.